ನೆತ್ತರುಗೊಡಗೆಯ ಕಡತ: ಒಬ್ಬ ತೆಹಾನೊ ಪೂರ್ವಜನ ಜಾಡು ಹಿಡಿದು



ಶಾಸನ, ಕೈಫಿಯತ್ತು, ಪಾಳೆಯಗಾರರ ವಂಶಾವಳಿ, ಇಂಥ ವಿಷಯಗಳನ್ನು ಕೇಳಿ ರೂಢಿಯಾದ ಸಭೆಗೆ ಟೆಕ್ಸಾಸಿನ ಒಬ್ಬ ಸೈನಿಕನ ಮನೆತನದ ಗೊಡವೆ ಯಾಕೆ ಅನ್ನಿಸಬಹುದು. ನನ್ನ ಉತ್ತರ ಸರಳ. ಓದು ಬರಹ ಬಾರದ ಸಾಮಾನ್ಯ ಸೈನಿಕನೊಬ್ಬನ ಬದುಕನ್ನು ಎರಡು ಶತಮಾನ ಕಳೆದ ಮೇಲೆ ಎಷ್ಟರ ಮಟ್ಟಿಗೆ ತಿಳಿಯಬಹುದು ಎಂಬುದು ಎಲ್ಲ ದೇಶದ ಇತಿಹಾಸಕಾರರನ್ನೂ ಕಾಡುವ ಪ್ರಶ್ನೆ. ಆ ಪ್ರಶ್ನೆಗೆ ಕಾಗದಪತ್ರ ಸಮೇತ ಉತ್ತರ ಸಿಗುವ ಜಾಗಗಳಲ್ಲಿ ಟೆಕ್ಸಾಸ್ ಒಂದು. ಅಲ್ಲಿನ ಕಾಗದಗಳಿಗೆ ಒಂದು ವಿಶೇಷವೂ ಇದೆ. ಅವುಗಳಲ್ಲಿ ಬಹುಪಾಲು ಯಾರೋ ಯಾರ ಮುಂದೋ ಏನನ್ನೋ ಕೇಳಿಕೊಂಡು ಬರೆಸಿದವು. ಕಾಳಗದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದಲ್ಲ, ಸತ್ತವನ ಹೆಸರು ನಮಗೆ ಉಳಿದದ್ದು ಎಷ್ಟೋ ಸಲ ಆ ಭೂಮಿಯ ದೆಸೆಯಿಂದ. ಟೆಕ್ಸಾಸಿನ ಸೈನಿಕನ ಕಥೆಯೂ ಹಾಗೆಯೇ ಉಳಿದಿದೆ.

ತೆಹಾನೊ ಎಂದರೆ ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ಟೆಕ್ಸಾಸ್ ಅಮೆರಿಕದ ರಾಜ್ಯವಾಗುವುದಕ್ಕೆ ಬಹಳ ಮೊದಲೇ, ಸ್ಪೇನಿನ ಕಾಲದಿಂದ, ಅಲ್ಲಿ ನೆಲೆಸಿದ್ದ ಸ್ಪ್ಯಾನಿಷ್ ಮಾತಿನ ಜನ ಅವರು. ಇಂದಿನ ಸ್ಯಾನ್ ಆಂಟೋನಿಯೊ ನಗರ 1718ರಲ್ಲಿ ಒಂದು ಕ್ರೈಸ್ತ ಮಠವಾಗಿಯೂ ಒಂದು ದಂಡಿನ ಠಾಣ್ಯವಾಗಿಯೂ ಹುಟ್ಟಿತು. 1731ರಲ್ಲಿ ಕ್ಯಾನರಿ ದ್ವೀಪಗಳಿಂದ ಬಂದ ಕುಟುಂಬಗಳು ಪಕ್ಕದಲ್ಲೇ ಊರು ಕಟ್ಟಿಕೊಂಡವು. ಬೆಹಾರ್ ಎಂದು ಕರೆಸಿಕೊಳ್ಳುತ್ತಿದ್ದ ಆ ಊರು ಹುಟ್ಟಿನಿಂದಲೇ ಸಿಪಾಯಿಗಳ ಊರು. ಅಲ್ಲಿನ ಹಳೆಯ ಮನೆತನಗಳಲ್ಲಿ ಸೈನಿಕನಿಲ್ಲದ್ದು ವಿರಳ. ಅಂಥ ಮನೆಯಲ್ಲಿ 1802ರಲ್ಲಿ ಹುಟ್ಟಿದ ಮಗು ಅದೇ ಬೀದಿಯಲ್ಲಿ ಅರವತ್ತು ವರ್ಷ ಬಾಳಿದ್ದರೆ, ಮನೆ ಬದಲಾಯಿಸದೆಯೇ ಐದು ಸರ್ಕಾರಗಳನ್ನು ಕಾಣುತ್ತಿತ್ತು: ಸ್ಪೇನ್, 1821ರಿಂದ ಮೆಕ್ಸಿಕೊ, 1836ರಿಂದ ಟೆಕ್ಸಾಸ್ ಗಣರಾಜ್ಯ, 1845ರ ಕೊನೆಯಿಂದ ಅಮೆರಿಕ ಸಂಯುಕ್ತ ಸಂಸ್ಥಾನ, 1861ರಿಂದ ದಕ್ಷಿಣದ ಬಂಡಾಯ ಒಕ್ಕೂಟ.

1802 ಎಂದು ಸುಮ್ಮನೆ ಹೇಳಲಿಲ್ಲ. ನಾನು ಇವತ್ತು ಆರಿಸಿಕೊಂಡಿರುವ ಗ್ರೆಗೋರಿಯೊ ಎಸ್ಪಾರ್ಸಾ ಬೆಹಾರ್‌ನಲ್ಲಿ ಹುಟ್ಟಿದ್ದು ಆ ವರ್ಷ. ಅಪ್ಪ ಹ್ವಾನ್ ಆಂಟೋನಿಯೊ, ಅಮ್ಮ ಮರಿಯಾ ಪೆಟ್ರಾ ಓಲಿವಾಸ್. ಅವನಿಗೆ ಅರವತ್ತು ವರ್ಷ ಬಾಳುವ ಯೋಗವಿರಲಿಲ್ಲ. 1836ರ ಮಾರ್ಚ್ 6ರ ಬೆಳಗಿನ ಜಾವ ಅಲಮೋ ಕೋಟೆಯಲ್ಲಿ, ತಾನು ನೋಡಿಕೊಳ್ಳುತ್ತಿದ್ದ ಫಿರಂಗಿಯ ಬಳಿ ಸತ್ತ. ಮೆಕ್ಸಿಕೊದ ಅಧ್ಯಕ್ಷ ಸಾಂತಾ ಆನ್ನ ಸ್ವತಃ ದಂಡು ಕಟ್ಟಿಕೊಂಡು ಬಂದು ಹದಿಮೂರು ದಿನ ಮುತ್ತಿಗೆ ಹಾಕಿ, ಮೆಕ್ಸಿಕೊದ ವಿರುದ್ಧ ಬಂಡೆದ್ದ ಟೆಕ್ಸಾಸಿನವರ ಕೈಯಿಂದ ತೆಗೆದುಕೊಂಡ ಕೋಟೆ ಅದು. ಒಳಗಿದ್ದವರ ಶವಗಳನ್ನೆಲ್ಲ ಕಟ್ಟಿಗೆ ಒಟ್ಟಿ ಸುಡಿಸಿದರು. ಕ್ರೈಸ್ತ ಪದ್ಧತಿಯಂತೆ ಮಣ್ಣು ಕಂಡದ್ದು ಗ್ರೆಗೋರಿಯೊ ಒಬ್ಬನ ಶವ ಮಾತ್ರ. ಕಾರಣ, ಅವನ ಒಡಹುಟ್ಟಿದ ಫ್ರಾನ್ಸಿಸ್ಕೊ ಎದುರು ಪಕ್ಷದ ಸೈನಿಕನಾಗಿದ್ದ.

ಈ ಒಂದು ಸಂಗತಿ ಸಿನಿಮಾಗಳನ್ನೂ ಪ್ರವಾಸಿ ಮಾರ್ಗದರ್ಶಿಗಳನ್ನೂ ಸಾಕಷ್ಟು ಬೆಳೆಸಿದೆ. ಅಣ್ಣತಮ್ಮಂದಿರು ಕೋಟೆಗೋಡೆಯ ಆಚೀಚೆ ನಿಂತು ಒಬ್ಬರಿಗೊಬ್ಬರು ಗುಂಡು ಹಾರಿಸಿದರೆಂದು ಜನ ಈಗಲೂ ಹೇಳುತ್ತಾರೆ. ಕಾಗದ ಬೇರೆ ಕಥೆ ಹೇಳುತ್ತದೆ. ಆ ಕಾಗದಕ್ಕೆ ಬರುವ ಮೊದಲು, ಈ ಮನೆತನದ ಇಂದಿನ ಕುಡಿಯೊಬ್ಬಳು ಗ್ರೆಗೋರಿಯೊನನ್ನು ಹುಡುಕಲು ಹೊರಟರೆ ದಾರಿಯಲ್ಲಿ ಏನೇನು ಎದುರಾಗುತ್ತದೆ ನೋಡೋಣ.

ಮೊದಲ ತೊಡಕು ಹೆಸರು. ಪಟ್ಟಿಗಳಲ್ಲಿ ಗ್ರೆಗೋರಿಯೊ ಎಂದು ಸಿಗುವ ಈ ಮನುಷ್ಯ ಬೇರೆಡೆ ಹೊಸೆ ಮರಿಯಾ ಎಸ್ಪಾರ್ಸಾ. ಒಂದೇ ಮಗುವಿಗೆ ಮೂರು ನಾಲ್ಕು ಹೆಸರಿಟ್ಟು ಅದರಲ್ಲೊಂದನ್ನು ಕರೆಯುವ ವಾಡಿಕೆ ಅವರದು. ಹೊಸೆ ಮತ್ತು ಮರಿಯಾ ಊರಿನ ಅರ್ಧ ಮಕ್ಕಳಿಗೆ ಇದ್ದುದರಿಂದ ಬಳಕೆಗೆ ಬರುವುದು ಮತ್ತೊಂದು ಹೆಸರು. ಸಾಲದ್ದಕ್ಕೆ ಗ್ರೆಗೋರಿಯೊನ ಸಹೋದರನೂ ಫ್ರಾನ್ಸಿಸ್ಕೊ, ಮಗನೂ ಫ್ರಾನ್ಸಿಸ್ಕೊ. ಇಸವಿ ನೋಡದೆ ಹೆಸರು ಕಂಡ ತಕ್ಷಣ ವಂಶವೃಕ್ಷಕ್ಕೆ ಅಂಟಿಸಿದರೆ ಚಿಕ್ಕಪ್ಪ ಮಗನಾಗುತ್ತಾನೆ. ಅಂತರ್ಜಾಲದಲ್ಲಿ ಓಡಾಡುವ ವಂಶವೃಕ್ಷಗಳಲ್ಲಿ ಇಂಥ ಕಸಿ ಧಾರಾಳವಾಗಿ ಸಿಗುತ್ತದೆ.

ಹೀಗಾಗಿ ಚರ್ಚಿನ ದಫ್ತರಕ್ಕೆ ಹೋಗಲೇಬೇಕು. ಸ್ಯಾನ್ ಫರ್ನಾಂಡೊ ಚರ್ಚಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪುಸ್ತಕಗಳು ಬೆಹಾರ್ ಮನೆತನಗಳಿಗೆ ಮೂಲ ಆಧಾರ. ದೀಕ್ಷಾಸ್ನಾನದ ಒಂದು ನಮೂದಿಗೆ ಹೆಚ್ಚೆಂದರೆ ಏಳೆಂಟು ಸಾಲು. ಎಲ್ಲವೂ ಒಂದೇ ಅಚ್ಚಿನವು. ಇಂಥ ದಿನ, ಇಷ್ಟು ದಿನದ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ಹೆಸರು ಇಂಥದು, ಇಂಥವರ ಧರ್ಮಪುತ್ರ ಅಥವಾ ತಂದೆ ಇಂಥವನೆಂದು ಗೊತ್ತಿಲ್ಲ, ಸಾಕ್ಷಿ ನಿಂತ ದೇವಪಿತೃ ಇಂಥವನು, ಅವನಿಗೆ ಅವನ ಕರ್ತವ್ಯ ತಿಳಿಸಿದ್ದೇನೆ, ಕೆಳಗೆ ಪಾದ್ರಿಯ ಸಹಿ. ಸ್ಪೇನಿನ ಕಾಲದ ಪುಸ್ತಕಗಳಲ್ಲಿ ಜಾತಿಯನ್ನೂ ಬರೆಯುತ್ತಿದ್ದರು: ಸ್ಪೇನಿಯ, ಸ್ಪೇನಿಯ–ಇಂಡಿಯನ್ ಬೆರಕೆಯ ಮೆಸ್ತೀಸೊ, ಸ್ಪೇನಿಯ–ಆಫ್ರಿಕನ್ ಬೆರಕೆಯ ಮುಲಾಟೊ, ಅಲ್ಲಿನ ಮೂಲನಿವಾಸಿ ಇಂಡಿಯನ್. ನಮಗೆ ಇದು ಹೊಸದೇನಲ್ಲ. ಆದರೆ ತಮಾಷೆಯೆಂದರೆ, ಒಂದೇ ಮನುಷ್ಯ ತನ್ನ ದೀಕ್ಷಾಸ್ನಾನದಲ್ಲಿ ಮೆಸ್ತೀಸೊ ಆಗಿದ್ದು, ಸೈನ್ಯದಲ್ಲಿ ಬಡ್ತಿ ಪಡೆದು ಮದುವೆಯಾಗುವ ಹೊತ್ತಿಗೆ ಸ್ಪೇನಿಯನಾಗಿಬಿಡುವುದುಂಟು. ಗಡಿನಾಡಿನ ಠಾಣ್ಯದಲ್ಲಿ ಬಣ್ಣಕ್ಕಿಂತ ಸಂಬಳ ಮೇಲು. ವಂಶ ಹುಡುಕುವವರು ಇದನ್ನು ಬರೆದವನ ತಪ್ಪೆಂದು ತಳ್ಳಿಹಾಕುತ್ತಾರೆ. ಆ ಬದಲಾವಣೆಯೇ ಆ ಮನೆತನದ ಚರಿತ್ರೆ ಎಂದು ನನ್ನ ಅಭಿಪ್ರಾಯ.

ಈ ಪುಸ್ತಕಗಳ ಇನ್ನೊಂದು ಉಪಕಾರ ಹೆಂಗಸರ ಕಡೆಯಿಂದ. ಸ್ಪ್ಯಾನಿಷ್ ಪದ್ಧತಿಯಲ್ಲಿ ಮದುವೆಯಾದ ಹೆಣ್ಣು ತವರಿನ ಹೆಸರು ಬಿಡುವುದಿಲ್ಲ. ಗ್ರೆಗೋರಿಯೊನ ಹೆಂಡತಿ ಕೊನೆತನಕ ಆನಾ ಸಲಸಾರ್. ಅವಳ ಮೊದಲ ಮದುವೆಯ ಮಗಳು ಮರಿಯಾ ದೆ ಹೆಸೂಸ್ ಅಪ್ಪನ ಕಡೆಯ ಕಾಸ್ಟ್ರೊ ಹೆಸರಿನಲ್ಲೇ ಸಿಗುತ್ತಾಳೆ. 1836ರ ನಂತರ ಇಂಗ್ಲಿಷ್ ದಾಖಲೆಗಳು ಶುರುವಾದವೋ, ಹೆಂಗಸರು ಗಂಡನ ಹೆಸರಿನೊಳಗೆ ಕಣ್ಮರೆಯಾಗುತ್ತಾರೆ. ತಾಯಿಯ ಕಡೆಯ ಬೇರು ಹುಡುಕುವವಳಿಗೆ 1750ರ ಪುಟ 1850ರ ಪುಟಕ್ಕಿಂತ ಸುಲಭ.

ಇನ್ನು ಸೈನಿಕನ ಕಾಗದ. ಸ್ಪೇನಿನ ದಂಡಿಗೆ ಸೇರುವವನಿಗೆ ಒಂದು ಭರ್ತಿಪತ್ರ ಬರೆಯುತ್ತಿದ್ದರು. ತಂದೆತಾಯಿ, ಹುಟ್ಟಿದೂರು, ಕಸುಬು, ವಯಸ್ಸು, ಧರ್ಮ. ಆಮೇಲೆ ಎತ್ತರ, ಕೂದಲು, ಕಣ್ಣಿನ ಬಣ್ಣ, ಮೂಗಿನ ಆಕಾರ, ಮುಖದ ಮೇಲಿನ ಗಾಯದ ಕಲೆ. ಓಡಿಹೋದರೆ ಹಿಡಿಯಲು ಗುರುತು ಬೇಕಲ್ಲ, ಅದಕ್ಕೆ. ಪರಾರಿಯಾಗುವವನನ್ನು ಹಿಡಿಯಲೆಂದು ಬರೆದ ಚಹರೆಯಿಂದ ಇವತ್ತು ಮರಿಮಗಳು ತನ್ನ ಪೂರ್ವಜನ ಹುಬ್ಬು ಹೇಗಿತ್ತೆಂದು ತಿಳಿಯುತ್ತಾಳೆ. ಅಧಿಕಾರಿಗಳಿಗೆ ಸೇವಾಪತ್ರ ಎಂಬುದು ಬೇರೆ ಇತ್ತು. ತುಕಡಿಗಳ ತಿಂಗಳ ಹಾಜರಿ ಪಟ್ಟಿಗಳು ಬೆಹಾರ್ ದಾಖಲೆಗಳು ಎಂದು ಹೆಸರಾದ ದೊಡ್ಡ ಸಂಗ್ರಹದಲ್ಲಿ ಸಿಗುತ್ತವೆ. 1717ರಿಂದ 1836ರವರೆಗಿನ ಸುಮಾರು ಎರಡೂವರೆ ಲಕ್ಷ ಪುಟ. ಕೌಂಟಿ ಕಚೇರಿಯಲ್ಲಿ ಬಿದ್ದಿದ್ದ ಆ ರಾಶಿ 1899ರಲ್ಲಿ ಆಸ್ಟಿನ್ನಿನ ವಿಶ್ವವಿದ್ಯಾಲಯಕ್ಕೆ ಹೋಯಿತು. ಆಮೇಲೆ ಮೈಕ್ರೋಫಿಲಂ ಆಯಿತು. ಆಸ್ಟಿನ್‌ನಲ್ಲಿ ನೆಲೆಸಿರುವ ನಮ್ಮ ಕನ್ನಡದ ಮಕ್ಕಳು ಕಡಿಮೆಯೇನಿಲ್ಲ. ಅವರ ಮನೆಗೆ ಹೋಗುವ ನಿವೃತ್ತ ಮೇಷ್ಟರುಗಳಿಗೆ ಒಂದು ಮಧ್ಯಾಹ್ನ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

1836ಕ್ಕೆ ಬಂದಾಗ ಮಾತ್ರ ಹಾದಿ ಕಡಿಯುತ್ತದೆ. ಟೆಕ್ಸಾಸ್ ಕ್ರಾಂತಿಯ ಸೇನೆಯ ಮಸ್ಟರ್ ರೋಲುಗಳು ಆಸ್ಟಿನ್ನಿನ ಸೇನಾ ಕಚೇರಿಯಲ್ಲಿದ್ದವು. 1855ರ ಅಕ್ಟೋಬರ್‌ನಲ್ಲಿ ಆ ಕಚೇರಿಗೆ ಬೆಂಕಿ ಬಿತ್ತು. ಯಾರು ಹೋರಾಡಿದರು, ಎಷ್ಟು ತಿಂಗಳು, ಯಾರ ತುಕಡಿಯಲ್ಲಿ, ಬಹುಪಾಲು ಬೂದಿ. ಆದರೆ ಆ ಲೆಕ್ಕದ ಮೇಲೆ ಭೂಮಿ ನಿಂತಿತ್ತು. ಗಣರಾಜ್ಯದ ಹತ್ತಿರ ಹಣವಿರಲಿಲ್ಲ, ನೆಲ ಯಥೇಚ್ಛವಾಗಿತ್ತು, ಹಾಗಾಗಿ ಸಂಬಳದ ಬದಲು ನೆಲ ಕೊಟ್ಟಿತು. ಮೂರು ತಿಂಗಳ ಸೇವೆಗೆ 320 ಎಕರೆ, ಹೀಗೆ ಹೆಚ್ಚೆಂದರೆ 1,280 ಎಕರೆ. ಬೆಹಾರ್ ಮುತ್ತಿಗೆ ಅಥವಾ ಸ್ಯಾನ್ ಹಸಿಂಟೊ ಕದನದಲ್ಲಿದ್ದವರಿಗೆ, ಅಲಮೋದಲ್ಲಿ ಮಡಿದವರ ವಾರಸುದಾರರಿಗೆ ಮೇಲೆ 640 ಎಕರೆ. ಇದಲ್ಲದೆ 1836ರ ಮಾರ್ಚ್ 2ರಂದು ಟೆಕ್ಸಾಸಿನಲ್ಲಿದ್ದ ಅರ್ಹ ಕುಟುಂಬದ ಯಜಮಾನನಿಗೆ ನಾಲ್ಕು ಸಾವಿರದ ಆರುನೂರಕ್ಕೂ ಮಿಕ್ಕಿದ ಎಕರೆ. ಅರ್ಧ ಎಕರೆಗೆ ಮೂರು ತಲೆಮಾರು ಕೋರ್ಟಿಗೆ ಅಲೆಯುವ ನಾಡಿನವರಾದ ನಮಗೆ ಈ ಅಂಕಿ ಕಥೆಯಂತೆ ಕೇಳಿಸಬಹುದು.

ಪಟ್ಟಿಗಳು ಸುಟ್ಟಮೇಲೆ ಇಂಥ ಭೂಮಿಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಹಾಕಿದರು ಕೂಡ. ನಕಲಿ ಹಾವಳಿ ತಡೆಯಲು 1856ರಲ್ಲಿ ಶಾಸನಸಭೆ ಕ್ಲೈಮುಗಳ ನ್ಯಾಯಾಲಯವೊಂದನ್ನು ನೇಮಿಸಿತು. ನಿಜವಾದ ವಾರಸುದಾರ ಈಗ ಸಾಕ್ಷಿ ಕರೆತರಬೇಕಾಯಿತು. ಸುಟ್ಟುಹೋದ ಪಟ್ಟಿಯಲ್ಲಿ ಹೆಸರೂ ದಿನಾಂಕವೂ ಮಾತ್ರ ಇದ್ದಾವು. ಅದರ ಜಾಗಕ್ಕೆ ಬಂದ ಪ್ರಮಾಣಪತ್ರಗಳಲ್ಲಿ ಮನುಷ್ಯರು ಮಾತಾಡಿದ್ದಾರೆ. ಬೆಂಕಿಗೆ ಇತಿಹಾಸಕಾರ ಥ್ಯಾಂಕ್ಸ್ ಹೇಳುವುದು ಸಭ್ಯತೆಯಲ್ಲ, ಆದರೂ ನನಗೆ ಒಮ್ಮೊಮ್ಮೆ ಆ ಆಸೆಯಾಗುತ್ತದೆ.

ಗ್ರೆಗೋರಿಯೊನ ಸಹೋದರ ಫ್ರಾನ್ಸಿಸ್ಕೊ ಎಸ್ಪಾರ್ಸಾನ ಹೇಳಿಕೆ ಇಂಥದ್ದು. 1859ರದು. ಗ್ರೆಗೋರಿಯೊನ ಮಕ್ಕಳಿಗೆ ಭೂಮಿ ಸಿಗಲೆಂದು ಕೊಟ್ಟದ್ದು. ಅದರ ಸಾರ ಇಷ್ಟು. 1835ರಲ್ಲಿ ನಾನು ಬೆಹಾರ್ ಠಾಣ್ಯದ ತುಕಡಿಯ ಸಿಪಾಯಿ. ಡಿಸೆಂಬರ್‌ನಲ್ಲಿ ಮೆಕ್ಸಿಕೊ ಸೇನೆಯ ಜನರಲ್ ಕೋಸ್ ಶರಣಾಗಿ ಊರು ಬಿಟ್ಟಾಗ ನಮ್ಮ ತುಕಡಿಯವರಿಗೆ ಸಂಸಾರದೊಡನೆ ಊರಿನಲ್ಲೇ ಇರಲು ಅನುಮತಿ ಸಿಕ್ಕಿತು. ಸಾಂತಾ ಆನ್ನ ಬಂದಮೇಲೆ ಸಿದ್ಧರಾಗಿರಿ ಎಂದು ಆಜ್ಞೆಯಾಯಿತು, ಆದರೆ ಯುದ್ಧಕ್ಕೆ ಕರೆಯಲಿಲ್ಲ. ಅಲಮೋ ಬಿದ್ದಮೇಲೆ, ಮರಳಿ ಬಂದಿದ್ದ ಜನರಲ್ ಕೋಸ್‌ನನ್ನು ಕೇಳಿಕೊಂಡು ಒಡಹುಟ್ಟಿದವನ ಶವ ತೆಗೆಯಲು ಅಪ್ಪಣೆ ಪಡೆದೆ. ಎದೆಯಲ್ಲಿ ಗುಂಡಿನ ಗಾಯ, ಪಕ್ಕೆಯಲ್ಲಿ ಕತ್ತಿಯ ತಿವಿತ. ನಾನೂ ನನ್ನ ಇಬ್ಬರು ಸಹೋದರರೂ ಹೊತ್ತು ಸ್ಯಾನ್ ಪೆಡ್ರೊ ಹೊಳೆಯ ಪಶ್ಚಿಮಕ್ಕಿದ್ದ ಸ್ಮಶಾನದಲ್ಲಿ ಹೂಳಿದೆವು.

ಅಣ್ಣತಮ್ಮಂದಿರು ಪರಸ್ಪರ ಗುಂಡು ಹಾರಿಸಿದ ಕಥೆ ಇಲ್ಲಿಗೆ ಬಿದ್ದುಹೋಗುತ್ತದೆ, ಕನಿಷ್ಠ ಅಲಮೋದಲ್ಲಂತೂ. ಆದರೆ 1835ರ ಬೆಹಾರ್ ಮುತ್ತಿಗೆಯಲ್ಲಿ ಏನಾಯಿತು? ಗ್ರೆಗೋರಿಯೊ ಆ ಅಕ್ಟೋಬರ್‌ನಲ್ಲೇ ಬಂಡಾಯದ ಸೇನೆಗೆ ಸೇರಿ, ಹ್ವಾನ್ ಸೆಗೀನ್‌ನ ಕೈಕೆಳಗೆ ಊರನ್ನು ಮುತ್ತಿದವರಲ್ಲಿದ್ದ. ಫ್ರಾನ್ಸಿಸ್ಕೊನ ತುಕಡಿ ಒಳಗಿನಿಂದ ಕಾಯುತ್ತಿತ್ತು. ಜನ ಕಥೆಯನ್ನು ಕಟ್ಟಲೇಬೇಕೆಂದರೆ ಕಟ್ಟಬೇಕಾದದ್ದು ಅಲ್ಲಿ. ಫ್ರಾನ್ಸಿಸ್ಕೊ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಎತ್ತುವ ಅಗತ್ಯವೂ ಅವನಿಗಿರಲಿಲ್ಲ. ನ್ಯಾಯಾಲಯಕ್ಕೆ ಬೇಕಾದದ್ದು ಒಂದೇ ಸಂಗತಿ: ಗ್ರೆಗೋರಿಯೊ ಅಲಮೋದ ಒಳಗೆ ಟೆಕ್ಸಾಸಿನ ಪರ ಸತ್ತನೆ?

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಉಪನ್ಯಾಸ ಕೊಡಲು ಒಪ್ಪಿದ್ದೇ ಈ ಮಾತಿಗಾಗಿ. ಸೇವಾ ದಾಖಲೆ ಎಂದು ನಾವು ಕರೆಯುವ ಕಾಗದ ಸೇವೆಯನ್ನು ವರ್ಣಿಸಲು ಹುಟ್ಟಿದ್ದಲ್ಲ, ಏನನ್ನೋ ಪಡೆಯಲು ಹುಟ್ಟಿದ್ದು. ಯಾವುದಕ್ಕಾಗಿ, ಯಾರ ಮುಂದೆ, ಏನನ್ನು ಒಪ್ಪಿಸಬೇಕಿತ್ತು ಎಂದು ಕೇಳದೆ ಓದಿದರೆ ಸುಳ್ಳೂ ಮೋಸಗೊಳಿಸುತ್ತದೆ, ನಿಜವೂ ಮೋಸಗೊಳಿಸುತ್ತದೆ. ಟೆಕ್ಸಾಸ್ ಗಣರಾಜ್ಯದ 1836ರ ಸಂವಿಧಾನ ಹೋರಾಟದಿಂದ ತಪ್ಪಿಸಿಕೊಂಡವರ, ಶತ್ರುವಿಗೆ ನೆರವಾದವರ ಪೌರತ್ವವನ್ನೂ ಭೂಮಿಯನ್ನೂ ಕಿತ್ತುಕೊಳ್ಳುವ ಮಾತಾಡಿತ್ತು. ಅಂಥ ನಾಡಿನಲ್ಲಿ ಇಪ್ಪತ್ತಮೂರು ವರ್ಷ ಕಳೆದಿದ್ದರೂ, ಇಂಗ್ಲಿಷ್ ಮಾತಿನ ಆಂಗ್ಲೋ ಅಧಿಕಾರಿಗಳ ಮುಂದೆ ನಿಂತು ನಾನು ಮೆಕ್ಸಿಕೊದ ಸಿಪಾಯಿಯಾಗಿದ್ದೆ ಎಂದು ಪ್ರಮಾಣ ಮಾಡುವುದು ಸಣ್ಣ ವಿಷಯವಲ್ಲ. ಯುದ್ಧಕ್ಕೆ ಕರೆಯಲಿಲ್ಲ ಎಂದು ಸೇರಿಸಿದ್ದು ನಿಜವಿರಬಹುದು, ತನ್ನ ರಕ್ಷಣೆಗೂ ಇರಬಹುದು, ಎರಡೂ ಇರಬಹುದು. ಆದರೆ ಗಾಯಗಳ ವಿವರಕ್ಕೆ, ಹೂತ ಜಾಗಕ್ಕೆ ಸುಳ್ಳು ಹೇಳುವ ಕಾರಣ ಕಾಣುವುದಿಲ್ಲ. ಆ ವಿವರಗಳನ್ನು ಅವನಿಗೆ ಗೊತ್ತುಮಾಡಿಸಿದ್ದೇ ಅವನು ಆ ಕಡೆಯವನಾಗಿದ್ದುದು. ಗ್ರೆಗೋರಿಯೊನ ಟೆಕ್ಸಾಸ್ ನಿಷ್ಠೆಗೆ ಗಟ್ಟಿ ಸಾಕ್ಷಿ ಒದಗಿಸಿದವನು ಮೆಕ್ಸಿಕೊದ ಸಿಪಾಯಿ.

ಮನೆಯೊಳಗಿಂದ ಇನ್ನೊಬ್ಬ ಸಾಕ್ಷಿ ಇದ್ದ. ಗ್ರೆಗೋರಿಯೊ ಅಲಮೋಗೆ ಹೋದದ್ದು ಒಬ್ಬನೇ ಅಲ್ಲ, ಹೆಂಡತಿ ಮಕ್ಕಳೊಡನೆ. ಕೋಟೆಯೊಳಗಿನ ಚರ್ಚಿನ ಕಿಟಕಿಯೊಂದರಿಂದ ಅವರನ್ನು ಒಳಗೆ ತೆಗೆದುಕೊಂಡರು ಎಂದು ಮಗ ಎನ್ರೀಕೆ ಮುಪ್ಪಿನಲ್ಲಿ ಹೇಳಿದ. ಮುತ್ತಿಗೆಯ ಕಾಲಕ್ಕೆ ಅವನು ಎಂಟು ತುಂಬದ ಹುಡುಗ. ಅವನ ನೆನಪುಗಳನ್ನು ಸ್ಯಾನ್ ಆಂಟೋನಿಯೊದ ಪತ್ರಿಕೆಗಳು ಅಚ್ಚು ಹಾಕಿದ್ದು 1902ರಲ್ಲಿ, 1907ರಲ್ಲಿ. ಅಲಮೋ ಯುದ್ಧದ ಚರಿತ್ರೆ ಆ ಹೊತ್ತಿಗೆ ಅರುವತ್ತು ಎಪ್ಪತ್ತು ವರ್ಷ ಆಂಗ್ಲೋ ಬಾಯಲ್ಲಿ ಬೆಳೆದು ನಿಂತಿತ್ತು. ಅದರಲ್ಲಿ ಬದುಕಿ ಬಂದವಳೆಂದರೆ ಆಂಗ್ಲೋ ಸೈನಿಕನೊಬ್ಬನ ಹೆಂಡತಿ ಸುಸಾನಾ ಡಿಕಿನ್‌ಸನ್, ಮಿಕ್ಕವರು ನೆರಳು. ಎನ್ರೀಕೆಯ ಮಾತನ್ನು ಅನುಮಾನಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಅನುಮಾನ ನ್ಯಾಯವೇ. ಏಳು ವರ್ಷದವನು ಕಂಡದ್ದನ್ನು ಎಪ್ಪತ್ತು ದಾಟಿದವನು ಹೇಳಿ, ವರದಿಗಾರ ತಿದ್ದಿ ಬರೆದದ್ದು. ಆದರೆ ಇದೇ ತಕ್ಕಡಿಯಲ್ಲಿ ಎಲ್ಲರ ನೆನಪನ್ನೂ ತೂಗಬೇಕು. ತೆಹಾನೊಗಳ ನೆನಪಿಗೆ ಮಾತ್ರ ಸಣ್ಣ ತಕ್ಕಡಿ, ಅಲಮೋದಲ್ಲಿ ಮಡಿದ ಆಂಗ್ಲೋ ವೀರ ಡೇವಿ ಕ್ರಾಕೆಟ್‌ನ ಸಾಹಸಕ್ಕೆ ತಕ್ಕಡಿಯೇ ಬೇಡ ಎಂಬ ಪದ್ಧತಿ ಬಹಳ ಕಾಲ ನಡೆಯಿತು.

ಸೆಗೀನ್‌ನ ಹೆಸರು ಬಂತು. ಅವನ ಬಗ್ಗೆ ಹೇಳದೆ ಹೋದರೆ ತೆಹಾನೊ ಸೈನಿಕ ಚರಿತ್ರೆ ಅರ್ಧವಾಗುತ್ತದೆ. 1806ರಲ್ಲಿ ಬೆಹಾರ್‌ನ ಪ್ರತಿಷ್ಠಿತ ಮನೆಯಲ್ಲಿ ಹುಟ್ಟಿದ. ಅಪ್ಪ ಎರಾಸ್ಮೊ ಊರಿನ ಪೋಸ್ಟ್ ಮಾಸ್ಟರ್, 1824ರ ಮೆಕ್ಸಿಕೊ ಸಂವಿಧಾನ ಸಭೆಯ ಸದಸ್ಯ. ಅಲಮೋ ಒಳಗಿದ್ದವನು ಸಂದೇಶ ಹೊತ್ತು ಹೊರಬಂದುದರಿಂದ ಉಳಿದ. ಏಪ್ರಿಲ್ 21ರಂದು ಸ್ಯಾನ್ ಹಸಿಂಟೊದಲ್ಲಿ ಸಾಂತಾ ಆನ್ನನನ್ನು ಸೋಲಿಸಿದ ಕದನದಲ್ಲಿ ಅವನ ತೆಹಾನೊ ತುಕಡಿ ಇತ್ತು. ಸ್ವಂತ ಸೈನ್ಯದವರೇ ಶತ್ರುವೆಂದು ತಿಳಿದು ಕೊಂದಾರೆಂಬ ಭಯಕ್ಕೆ ಅವರೆಲ್ಲ ಟೋಪಿಗೆ ರಟ್ಟಿನ ತುಂಡು ಸಿಕ್ಕಿಸಿಕೊಂಡಿದ್ದರು. ಮುಂದಿನ ವರ್ಷ ಫೆಬ್ರವರಿ 25ರಂದು ಅಲಮೋ ಹುತಾತ್ಮರ ಬೂದಿಯನ್ನು ಸೈನಿಕ ಗೌರವದೊಡನೆ ಮಣ್ಣು ಮಾಡಿಸಿದವನೂ ಅವನೇ. ಗಣರಾಜ್ಯದ ಸೆನೆಟರ್ ಆದ, ಊರಿನ ಮೇಯರ್ ಆದ. 1842ರ ಏಪ್ರಿಲ್‌ನಲ್ಲಿ, ಮೆಕ್ಸಿಕೊದ ಪರ ಎಂಬ ಆರೋಪ, ಬೆದರಿಕೆಗಳ ನಡುವೆ ರಾಜೀನಾಮೆ ಕೊಟ್ಟು ಗಡಿ ದಾಟಿದ. ಅಲ್ಲಿ ಸೆರೆಮನೆ ಇಲ್ಲವೇ ಸೇನೆ ಎಂದರಂತೆ; ಸೆಪ್ಟೆಂಬರ್‌ನಲ್ಲಿ ಜನರಲ್ ವೋಲ್‌ನ ಮೆಕ್ಸಿಕನ್ ದಂಡಿನೊಡನೆ ತನ್ನ ಊರಿನ ಮೇಲೆಯೇ ಬಂದ. ಅಮೆರಿಕ–ಮೆಕ್ಸಿಕೊ ಯುದ್ಧ ಮುಗಿದಮೇಲೆ ಟೆಕ್ಸಾಸಿಗೆ ಮರಳಿ 1858ರಲ್ಲಿ ತನ್ನ ನೆನಪುಗಳನ್ನು ಅಚ್ಚು ಹಾಕಿಸಿದ. ಸಮಜಾಯಿಷಿಯ ಪುಸ್ತಕ ಅದು, ಹಾಗೆಂದೇ ಓದಬೇಕು. 1874ರಲ್ಲಿ ಟೆಕ್ಸಾಸ್ ಸರ್ಕಾರಕ್ಕೆ ಹಳೆಯ ಸೈನಿಕನ ಪಿಂಚಣಿ ಕೇಳಿ ಅರ್ಜಿ ಹಾಕಿದ. ತನ್ನ ಕೈಕೆಳಗಿದ್ದವರ ಪರವಾಗಿಯೂ ಸಾಕ್ಷಿ ಹೇಳಿದ.

ಇಂಥವನ ವಂಶಜರು ಅವನ ಸೇವಾ ದಾಖಲೆಗೆ ಎರಡು ದೇಶದ ಕಡತ ನೋಡಬೇಕು. ಒಂದನ್ನೇ ನೋಡಿದರೆ ವೀರ, ಇನ್ನೊಂದನ್ನೇ ನೋಡಿದರೆ ದ್ರೋಹಿ. ಪೂರ್ವಜರ ಹೆಸರಿನಲ್ಲಿ ಸದಸ್ಯತ್ವ ಕೊಡುವ ಸಂಘಗಳು ಟೆಕ್ಸಾಸಿನಲ್ಲಿ ಹಲವು. 1891ರಲ್ಲಿ ಹುಟ್ಟಿದ ಟೆಕ್ಸಾಸ್ ಗಣರಾಜ್ಯದ ಪುತ್ರಿಯರ ಸಂಘ ಅವುಗಳಲ್ಲಿ ಹಳೆಯದು. ಇತ್ತೀಚಿನ ದಶಕಗಳಲ್ಲಿ ತೆಹಾನೊ ಕುಟುಂಬಗಳು ಇನ್ನೂ ಹಿಂದಕ್ಕೆ ಹೋಗಿವೆ. 1779ರಿಂದ 1782ರ ನಡುವೆ, ಬ್ರಿಟಿಷರ ಮೇಲೆ ಯುದ್ಧ ಹೂಡಿದ್ದ ಲೂಸಿಯಾನಾದ ಗವರ್ನರ್ ಬೆರ್ನಾರ್ಡೊ ದೆ ಗಾಲ್ವೆಸ್‌ನ ಸೈನ್ಯಕ್ಕೆ ಸಾವಿರಾರು ದನಗಳನ್ನು ಬೆಹಾರ್ ಸುತ್ತಿನ ಹಟ್ಟಿಗಳಿಂದ ಹೊಡೆದುಕೊಂಡು ಹೋದರು. ಆ ದನ ಸಾಗಿಸಿದವರ, ಕಾವಲಿದ್ದ ಸಿಪಾಯಿಗಳ ಸಂತತಿಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ವಂಶಜರ ಸಂಘಗಳಲ್ಲೂ ಈಗ ಪ್ರವೇಶವಿದೆ. ಒಳ್ಳೆಯದೇ. ಬಾಗಿಲು ತೆರೆದದ್ದಕ್ಕೆ ಎಷ್ಟೋ ಹಳೆಯ ಕಾಗದ ಧೂಳು ಕೊಡವಿಕೊಂಡಿದೆ. ಆದರೆ ಈ ಅರ್ಜಿಗಳಿಗೂ 1859ರ ಪ್ರಮಾಣಪತ್ರದ ಗುಣವೇ ಇದೆ: ಬೇಕಾದ ಯುದ್ಧವನ್ನು ತೋರಿಸುತ್ತವೆ, ಬೇಡದ್ದನ್ನು ಕೇಳುವುದಿಲ್ಲ. ಎಸ್ಪಾರ್ಸಾ ಮನೆತನದವರಲ್ಲಿ ಗ್ರೆಗೋರಿಯೊನ ಕುಡಿಗೆ ಸಿಗುವ ಮನ್ನಣೆ ಫ್ರಾನ್ಸಿಸ್ಕೊನ ಕುಡಿಗೆ ಆ ಲೆಕ್ಕದಲ್ಲಿ ಸಿಗದು. ಇಬ್ಬರಿಗೂ ಮೂಲಪುರುಷ ಒಬ್ಬನೇ.

ಕೊನೆಗೆ ಭೂಮಿಯ ವಿಷಯ, ಅದರಲ್ಲಿ ಎಡವುವವರು ಬಹಳ. ಟೆಕ್ಸಾಸ್ ಭೂ ಕಚೇರಿಯ ನಕ್ಷೆಗಳಲ್ಲಿ ಪೂರ್ವಜನ ಹೆಸರಿನ ಸರ್ವೆ ಕಂಡ ತಕ್ಷಣ, ಇಲ್ಲೇ ನಮ್ಮವರು ಬಾಳಿದ್ದರು ಎಂದು ಕಾರು ಹತ್ತುತ್ತಾರೆ. ಹೋಗಿ ನೋಡಿದರೆ ಬೆಹಾರ್‌ನಿಂದ ಎಷ್ಟೋ ದೂರದ ಹುಲ್ಲುಗಾವಲು. ಸೈನಿಕನಿಗೆ ಸಿಗುತ್ತಿದ್ದದ್ದು ಇಂತಿಷ್ಟು ಎಕರೆ ಎಂಬ ಪ್ರಮಾಣಚೀಟಿ ಮಾತ್ರ. ಖಾಲಿ ನೆಲ ಹುಡುಕಿ, ಸರ್ವೆ ಮಾಡಿಸಿ, ಶುಲ್ಕ ಕಟ್ಟಿ ಹಕ್ಕುಪತ್ರ ಪಡೆಯಲು ದುಡ್ಡು ಬೇಕು, ಇಂಗ್ಲಿಷ್ ಬೇಕು. ಎರಡೂ ಇಲ್ಲದ ತೆಹಾನೊ ಕುಟುಂಬಗಳು ಚೀಟಿಯನ್ನೇ ಕಡಿಮೆ ಬೆಲೆಗೆ ದಲ್ಲಾಳಿಗಳಿಗೆ ಮಾರಿಬಿಟ್ಟದ್ದು ಸಾಮಾನ್ಯ. ನಕ್ಷೆಯ ಮೇಲೆ ಸೈನಿಕನ ಹೆಸರು ಉಳಿಯಿತು, ನೆಲ ಬೇರೆಯವರದಾಯಿತು. ವಂಶ ಹುಡುಕುವವಳಿಗೆ ಹಾಗಾಗಿ ನಕ್ಷೆಗಿಂತ ಬೆಲೆಬಾಳುವುದು ಕಡತದೊಳಗಿನ ಪರಭಾರೆಯ ಪತ್ರ. ವಾರಸುದಾರರೆಲ್ಲ ಸೇರಿ ಮಾರಬೇಕಾದ್ದರಿಂದ ವಿಧವೆ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಳಿಯಂದಿರು ಎಲ್ಲರ ಹೆಸರೂ ಅದರಲ್ಲಿ ಬರುತ್ತದೆ. ಯಾವ ಕೌಂಟಿಯ ವಾಸ ಎಂಬುದೂ, ಸಹಿ ಬಾರದವರು ಹಾಕಿದ ಗುಣಿಸು ಗುರುತೂ ಇರುತ್ತದೆ. ಚರ್ಚಿನ ದಫ್ತರದಲ್ಲಿ ಸಿಗದೆ ಹೋದ ಮಗಳು, ಗಂಡನ ಹೆಸರಿನೊಳಗೆ ಕಳೆದುಹೋದ ಸೊಸೆ, ಈ ಹಾಳೆಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿ ಬರೆದ ಕೌಂಟಿಯ ಹೆಸರನ್ನು ಹಿಡಿದು 1850ರ, 1860ರ ಜನಗಣತಿಗೆ ಹೋದರೆ ಮುಂದಿನ ತಲೆಮಾರಿನ ಮನೆ ಸಿಗುತ್ತದೆ.